ನಡುಗುವ ಅಕ್ಷರಗಳು

ಟರ್ಪೆಂಟೈನ್ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ಸಾಕು, ಬಳ್ಳಾರಿಯ ಪಾರ್ವತಿನಗರದ ನಮ್ಮ ಹಿತ್ತಿಲು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಆ ಮನೆ ಈಗಿಲ್ಲ. ಕಳೆದುಹೋದ ಮನೆಯೊಂದರ ಇಂಥ ವಾಸನೆ ನಿಮಗೂ ಇದ್ದೀತು. ಗೋಡೆಯ ಮುಂದೆ ಬ್ರಷ್ ಹಿಡಿದ ದೊಡ್ಡಪ್ಪ, ಬೇವಿನ ನೆರಳಲ್ಲಿ ಅಕ್ಕಿ ಹಸನು ಮಾಡುವ ದೊಡ್ಡವ್ವ, ನಡುವೆ ಬಣ್ಣದ ಡಬ್ಬಿಗಳ ಮುಚ್ಚಳ ತೆಗೆದು ಮೂಸುತ್ತ ಕೂತ ನಾನು ಮತ್ತು ನನ್ನ ತಂಗಿ. ದೊಡ್ಡಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ. ಅಂಗಡಿಗೆ ತಕ್ಕ ಅಕ್ಷರ: ಬಂಗಾರದಂಗಡಿಗೆ ಉಂಡು ಹೊಟ್ಟೆ ಬಿಟ್ಟವು, ಔಷಧದಂಗಡಿಗೆ ಪಥ್ಯದಲ್ಲಿದ್ದಂಥ ಬಡಕಲು, ಲಾರಿಯ ಮೇಲೆ ಗಾಳಿಗೆ ವಾಲಿಕೊಂಡು ಓಡುವಂಥವು. ಹೊಸ ನಮೂನೆ ಕೈಗೆ ಹತ್ತಲೆಂದು ಮೊದಲು ಹಿತ್ತಿಲ ಗೋಡೆಯ ಮೇಲೆ ಬರೀ ಅಕ್ಷರಗಳನ್ನೇ ಜೋಡಿಸಿ ಆನೆಯನ್ನೋ ಮನುಷ್ಯನನ್ನೋ ಕಟ್ಟುತ್ತಿದ್ದ.

ಆ ಬೇಸಿಗೆಯಲ್ಲಿ ಗೋಡೆಯ ಮೇಲೆ ಮೂಡಿದ್ದೇ ಬೇರೆ. ಕಣ್ಣಿಗೆ ಎರಡು ಠ, ಹಲ್ಲಿಗೆ ಸಾಲಾಗಿ ಘ, ಉಗುರಿಗೆ ಝ. ಪ್ರತಿಯೊಂದರ ಅಂಚೂ ಕುಡುಗೋಲಿನ ಹಲ್ಲಿನಂತೆ ಅದುರಿತ್ತು. ಬಚ್ಚಲಿಗೆ ಹೋಗಬೇಕಾದರೆ ನಾವಿಬ್ಬರೂ ಕಣ್ಣು ಮುಚ್ಚಿ, ಕೈಕೈ ಹಿಡಿದು ಓಡುತ್ತಿದ್ದೆವು. "ದೆವ್ವದ ಸಿನಿಮಾದವ್ರು ಕೇಳ್ಯಾರವಾ, ನೋಡಿದವ್ರು ಹೆದರೋವಂಥ ಅಕ್ಷರ ಬೇಕಂತ," ಎಂದು ದೊಡ್ಡಪ್ಪ ನಕ್ಕ. ದೊಡ್ಡವ್ವ ನಗಲಿಲ್ಲ. ಅವಳ ಕಣ್ಣು ಅವನ ಬಲಗೈಯ ಮೇಲಿತ್ತು. ಅವನು ಮೆಲ್ಲಗೆ ಆ ಕೈಯನ್ನು ತೊಡೆಯಡಿ ಸೇರಿಸಿಕೊಂಡು ಕುಳಿತ. ಅವತ್ತಿನಿಂದ ನನಗೆ ಗೋಡೆಗಿಂತ ದೊಡ್ಡವ್ವನ ಮುಖ ನೋಡಲು ಹೆಚ್ಚು ಹೆದರಿಕೆಯಾಗತೊಡಗಿತು.

ಸಿರುಗುಪ್ಪದ ಬಟ್ಟೆ ಅಂಗಡಿಯ ಬೋರ್ಡೊಂದು ಬಾಕಿಯಿತ್ತು. ಎಡಗೈಯಿಂದ ಬಲಗೈ ಒತ್ತಿ ಹಿಡಿದು, ಒರೆಸಿ, ಮತ್ತೆ ತಿದ್ದಿ, ಹೇಗೋ ಮನೆಯಲ್ಲೇ ಬೋಳು ಅಕ್ಷರಗಳನ್ನು ಮುಗಿಸಿದ್ದ. ಆದರೆ ತಲೆಕಟ್ಟು ಮಾತ್ರ ಬೋರ್ಡು ಅಂಗಡಿಯ ಮೇಲೇರಿದ ನಂತರ, ಮಾಲೀಕನ ಎದುರಿಗೆ, ಒಂದೊಂದನ್ನೂ ಒಂದೇ ಎಳೆತಕ್ಕೆ ಹಾಕುವುದು ಅವನು ನಡೆಸಿಕೊಂಡು ಬಂದ ಪದ್ಧತಿ. ಕಾಯಿ ಒಡೆಯುವುದು ಆಮೇಲೆ. ಅಲ್ಲಿ ಕೈ ತಪ್ಪಿದರೆ ಬಜಾರವೆಲ್ಲ ನೋಡುತ್ತದೆ, ಮತ್ತೆ ಯಾರೂ ಬೋರ್ಡು ಕೊಡುವುದಿಲ್ಲ. ಸಿರುಗುಪ್ಪದ ಬಸ್ಸಿನಲ್ಲಿ ನನ್ನ ಪಕ್ಕ ಕೂತ ದೊಡ್ಡವ್ವ ದಾರಿಯುದ್ದಕ್ಕೂ ತನ್ನ ತವರು ಕುರುಗೋಡಿನ ಬಸವಣ್ಣನಿಗೆ ಹರಕೆ ಹೊರುತ್ತಲೇ ಇದ್ದಳು.

ಬ್ರಷ್ಷು ಬೋರ್ಡಿಗೆ ತಾಗುವ ಮೊದಲೇ ಏಣಿ ಗಡಗಡ ಎಂದಿತು. ಕೆಂಪು ಬಣ್ಣ ದೊಡ್ಡಪ್ಪನ ಮೊಣಕೈಗೆ ಇಳಿಯಿತು.

"ಏನ್ ಪೇಂಟರ್ ಸಾಹೇಬ್ರ, ಮೆಹಂದಿ ಹಚ್ಕೊಳ್ಳಾಕತ್ತೀರೇನು?" ಎಂದ ಮಾಲೀಕ. ಸುತ್ತ ನೆರೆದವರು ನಕ್ಕರು.

ದೊಡ್ಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಇಳೀರಿ ನೀವು."

"ಹುಚ್ಚೇನ ನಿನಗ? ಒಂದಕ್ಷರ ಓದಾಕ ಬರಂಗಿಲ್ಲ," ಎಂದ ದೊಡ್ಡಪ್ಪ, ತಗ್ಗಿದ ದನಿಯಲ್ಲಿ.

"ದಿನಾ ಬಾಗಿಲಿಗೆ ರಂಗೋಲಿ ಎಳಿಯಾಕ ಓದು ಬೇಕೇನು? ಎಲ್ಲಿ ಹಾಕ್ಬೇಕು, ಅಷ್ಟು ಹೇಳ್ರಿ."

ಅವನು ಕೆಳಗೆ ನಿಂತು ಹೇಳಿದ, ಅವಳು ಮೇಲೆ ನಿಂತು ಎಳೆದಳು. ಒಂದು ಗೆರೆಯೂ ಅದುರಲಿಲ್ಲ. ಏಣಿ ಹಿಡಿದಿದ್ದ ನನ್ನ ಕೈಗೆ ಮಾತ್ರ ಅವಳ ಕಾಲಿನ ನಡುಕ ತಿಳಿಯುತ್ತಿತ್ತು. ಮಾಲೀಕ ಕಾಯಿ ಒಡೆದ.

ಮರುವರ್ಷ ದೊಡ್ಡಪ್ಪನ ಕೈಯಲ್ಲಿ ನೀರಿನ ತಂಬಿಗೆಯೂ ನಿಲ್ಲದಾಯಿತು. ದೊಡ್ಡವ್ವ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ನಾವು ಎದುರಿಗೆ ಬಂದರೆ ಅವನು ಬಾಯಿ ಮುಚ್ಚಿಬಿಡುತ್ತಿದ್ದ. ಹಾಗಾಗಿ ಅವರ ಊಟ ಮುಗಿಯುವ ತನಕ ನಾನೂ ತಂಗಿಯೂ ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತಿದ್ದೆವು.