ಯಾರೂ ಇಲ್ಲದ ಊರಿನ ಕಾಲುಸಂಕ

ನಾನು ಮದುವೆಯಾಗಿ ಬಂದದ್ದು ಯಾರೂ ಇಲ್ಲದ ಊರಿಗೆ. ಇದು ನನ್ನ ಮಾತಲ್ಲ, ಸರ್ಕಾರದ್ದು. ಕೊಪ್ಪ ತಾಲ್ಲೂಕಿನ ಕಂದಾಯ ದಾಖಲೆಯಲ್ಲಿ ನಮ್ಮೂರಿನ ಹೆಸರಿನ ಪಕ್ಕ 'ಬೇಚರಾಕ್' ಎಂದಿದೆ, ಅಂದರೆ ಜನವಸತಿಯಿಲ್ಲದ ಗ್ರಾಮ. ಇರುವುದು ಮೂರೇ ಮನೆ ಎಂಬುದು ನಿಜ. ಪಕ್ಕದ ಮನೆಗೆ ಸಕ್ಕರೆ ಕಡ ಕೇಳಲು ಹೋಗಿ ಬರುವಷ್ಟರಲ್ಲಿ ಕಾಫಿ ಕುಡಿಯುವ ಆಸೆಯೇ ಹೋಗಿರುತ್ತದೆ. ಆದರೂ ಮೂರು ಮನೆ ಎಂದರೆ ಸೊನ್ನೆಯಲ್ಲವಲ್ಲ. ಎನ್.ಆರ್.ಪುರದ ಪೇಟೆಯಲ್ಲಿ ಬೆಳೆದ ನನಗೆ ಇದು ಮೊದಲೇ ಗೊತ್ತಿದ್ದರೆ, ತಾಳಿ ಕಟ್ಟಿಸಿಕೊಳ್ಳುವ ಮುಂಚೆ ಗಂಡು ಇದ್ದಾನೋ ಇಲ್ಲವೋ ಎಂದು ಒಮ್ಮೆ ಚಿವುಟಿ ನೋಡುತ್ತಿದ್ದೆ.

ಗೊತ್ತಾದದ್ದು ಸಂಕದ ದೆಸೆಯಿಂದ. ಮನೆಯ ಕೆಳಗಿನ ಹಳ್ಳದ ಈಚೆ ದಡ ಕೊಪ್ಪ, ಆಚೆ ದಡ ಶೃಂಗೇರಿ ತಾಲ್ಲೂಕು. ಆಚೆ ಇರುವುದು ನಮ್ಮತ್ತೆಯ ತಂಗಿಯ ಮನೆ. ನಡುವೆ ಎರಡು ಅಡಿಕೆ ಮರ ಅಡ್ಡ ಹಾಕಿದ ಸಂಕ. ಬೇಸಿಗೆಯಲ್ಲಿ ಚಿಕ್ಕತ್ತೆ ಹೇಗೋ ದಾಟಿ ಬರುತ್ತಿದ್ದರು. ಮಂಡಿನೋವು ಶುರುವಾದ ಮೇಲೆ ಮಳೆಗಾಲದಲ್ಲಿ ಆ ಜಾರುವ ಮರದ ಮೇಲೆ ಕಾಲಿಡಲು ಅವರಿಗೆ ಧೈರ್ಯ ಬರಲಿಲ್ಲ, ವಯಸ್ಸಾದ ಅತ್ತೆಗೂ ಅಷ್ಟೇ. ಅಕ್ಕತಂಗಿಯರು ಎರಡು ದಡದಲ್ಲಿ ಕೊಡೆ ಹಿಡಿದು ನಿಂತು ಕೂಗಿ ಮಾತಾಡುತ್ತಿದ್ದರು. ಅತ್ತೆ "ಮಂಡಿ ಹೆಂಗಿದೆ?" ಎಂದರೆ, ಹಳ್ಳದ ಸದ್ದಿಗೆ ಚಿಕ್ಕತ್ತೆಗೆ ಮಿಡಿ ಎಂದು ಕೇಳಿ, ಮಾವಿನದೆಲ್ಲ ಉಪ್ಪಿಗೆ ಹಾಕಿಟ್ಟಿದ್ದೇನೆ ಎನ್ನುತ್ತಿದ್ದರು. ನನಗೆ ನಗು. ಅತ್ತೆ ಮಾತ್ರ ವಾಪಸು ಬರುವಾಗ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ತಂಗಿ ಎಂದರೆ ಅವರಿಗೆ ಪ್ರಾಣ.

ಸಿಮೆಂಟಿನ ಸಂಕ ಕೇಳಲು ತಾಲ್ಲೂಕು ಕಚೇರಿಗೆ ಹೋದ ನನ್ನ ಗಂಡ ಪೆಚ್ಚುಮೋರೆ ಹಾಕಿಕೊಂಡು ಬಂದರು. ಬೇಚರಾಕ್ ಗ್ರಾಮದಲ್ಲಿ ಸಂಕ ಕಟ್ಟಿದರೆ ದಾಟುವವರು ಯಾರು ಎಂದು ಕೇಳಿದರಂತೆ. ಹಾಗೆಂದರೇನು ಎಂದು ಅತ್ತೆ ವಿಚಾರಿಸಿದರು. ದೀಪ ಹಚ್ಚುವವರಿಲ್ಲದ ಊರು ಎಂದರ್ಥ ಎಂದು ಇವರು ಬಾಯಿಬಿಟ್ಟರು. ಮೂರುಸಂಜೆಯ ದೀಪ ಒಂದು ದಿನವೂ ತಪ್ಪಿಸದ ಅತ್ತೆ ಕೆಂಡವಾದರು.

ಇವರು ಬೆನ್ನುಬಿಡದೆ ಓಡಾಡಿದ್ದಕ್ಕೆ ಕೊನೆಗೊಬ್ಬ ಎಂಜಿನಿಯರು ಜಾಗ ನೋಡಲು ಬಂದರು. ರಸ್ತೆ ಮುಗಿದಲ್ಲಿ ಬೈಕು ಬಿಟ್ಟು, ಕಾಲ ತುಂಬ ರಕ್ತ ಹೀರುವ ಉಂಬಳ ಹತ್ತಿಸಿಕೊಂಡು ಅಂಗಳಕ್ಕೆ ಬರುವ ಹೊತ್ತಿಗೆ ಒಳಗೆ ಕಾಫಿ ಘಮಘಮ ಎನ್ನುತ್ತಿತ್ತು.

"ಯಾರಿದೀರಿ ಮನೇಲಿ?" ಎಂದು ಕರೆದರು.

"ಯಾರೂ ಇಲ್ಲ," ಎಂದರು ಅತ್ತೆ, ಅಡುಗೆಮನೆಯಿಂದಲೇ.

"ಮಾತಾಡ್ತಿದೀರಲ್ಲಮ್ಮ?"

"ಇಲ್ಲಿ ಯಾರೂ ಇಲ್ಲ ಅಂತ ನೀವೇ ಬರ್ಕಂಡಿದೀರಂತಲ್ಲ ಮಾರಾಯ್ರೆ. ಇಲ್ದೋರು ಕಾಫಿ ಹೆಂಗೆ ಕೊಡದು?"

ಬಂದವರನ್ನು ಕಾಫಿ ಕೊಡದೆ ಕಳಿಸುವುದು ನಮ್ಮ ಕಡೆ ಕೊಲೆಗಿಂತ ದೊಡ್ಡ ಅಪರಾಧ. ಮನಸ್ಸು ತಡೆಯದೆ ನಾನು ಲೋಟಕ್ಕೆ ಕೈ ಹಾಕಿದೆ. ಅತ್ತೆ ದುರುಗುಟ್ಟಿ ನೋಡಿ, "ನೀನೂ ಇಲ್ಲ," ಎಂದರು.

ಎಂಜಿನಿಯರು ಜಗುಲಿಯಲ್ಲಿ ಕೂತು ಉಂಬಳ ಕೀಳುತ್ತಾ ನಗತೊಡಗಿದರು. ಕಾಫಿ ಕೊಟ್ಟರೆ ಜನ ಇದ್ದಾರೆಂದು ತಾನೇ ಸಾಕ್ಷಿ ಹೇಳುವುದಾಗಿ ಒಪ್ಪಿಕೊಂಡರು. ಕಾಫಿಯ ಜೊತೆ ಕಡುಬೂ ಬಂತು, ಸಾಕು ಸಾಕೆಂದರೂ ಅತ್ತೆ ಬಿಡದೆ ಬಡಿಸಿದರು. ಹೊರಡುವಾಗ ಅತ್ತೆಯನ್ನು ಹಳೆಯ ಸಂಕದ ಪಕ್ಕ ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರು. ಅದಕ್ಕೆಂದು ಅತ್ತೆ ಸೀರೆ ಬದಲಾಯಿಸಿದ್ದರು.

ಮುಂದಿನ ಮಳೆಗಾಲದೊಳಗೆ ಹಿಡಿಯಲು ಕಂಬಿಯಿರುವ ಸಂಕ ಆಯಿತು. ದಾಖಲೆಯಲ್ಲಿ ನಾವು ಇನ್ನೂ ಇಲ್ಲ. ಎಂಜಿನಿಯರು ಬಂದುಹೋದಾಗಿನಿಂದ ಅಂಗಳದಲ್ಲಿ ಯಾರು ಕರೆದರೂ ಅತ್ತೆಯದು ಅದೇ ಉತ್ತರ, "ಯಾರೂ ಇಲ್ಲ." ಕೊರಿಯರಿನವನೊಬ್ಬ ನಂಬಿ ವಾಪಸು ಹೋಗಿದ್ದೂ ಉಂಟು.

ಆ ವರ್ಷ ಮಳೆ ಹಿಡಿದು ಹಳ್ಳ ತುಂಬಿದ ದಿನ, ಅಂಗಳದಲ್ಲಿ ಕೊಡೆ ಮಡಚಿದ ಸದ್ದಾಯಿತು.

"ಯಾರಿದೀರಿ ಒಳಗೆ?" ಚಿಕ್ಕತ್ತೆಯ ದನಿ.

ನಾನು ಅತ್ತೆಯ ಮಾಮೂಲು ಉತ್ತರಕ್ಕೆ ಕಾದೆ. ಅವರು ಸೌಟು ಕೆಳಗಿಟ್ಟು, ಬಾಗಿಲಿಗೆ ಹೋಗುವ ಮೊದಲೇ ಹೇಳಿದರು:

"ಇದೀನಿ ಕಣೆ, ಬಾ."