ಮಾತು ಬಿಟ್ಟ ವರ್ಷ

ನರಗುಂದದಾಗ ಗದ್ದಲ ಆಗೂದಕ್ಕ ಮೂರು ವರ್ಷ ಮೊದಲು ನನ್ನ ಹೆಂಡತಿ ಸತ್ತಳು. ಎರಡ ದಿನದ ಬ್ಯಾನಿ, ಮೂರನೇ ದಿನ ಮಣ್ಣು. ಮಕ್ಕಳಿರಲಿಲ್ಲ. ಗಜೇಂದ್ರಗಡದ ಗುಡ್ಡದ ಕೆಳಗ ನೇಕಾರ ಓಣಿಯೊಳಗ ಒಂದು ಮನಿ, ಮನ್ಯಾಗ ಒಂದು ಕುಣಿಮಗ್ಗ, ಆ ಕುಣಿಯೊಳಗ ಕಾಲು ಇಳಿಬಿಟ್ಟು ಕುಂತ ನಾನು, ಇಷ್ಟ ಉಳದದ್ದು. ಸೀರಿ ನೇಯಾಕ ಕುಂತ್ರ ಕಣ್ಣಾಗ ನೀರು. ಉಣ್ಣಾಕ ಕುಂತ್ರ ಗಂಟಲಾಗ ರೊಟ್ಟಿ ಇಳೀವಲ್ದು.

ಆವಾಗ ಊರಿಗೆ ಒಬ್ಬ ಸ್ವಾಮಿಗಳು ಬಂದಿದ್ರು. ಬೆಳವಣಕಿ ಕಡೆ ಹೊಂಟಾವ್ರು, ನಾಕು ದಿನ ಮಠದಾಗ ಇಳಕೊಂಡಿದ್ರು. ಕಾಲಿಗೆ ಬಿದ್ದು ಕೇಳಿದೆ, "ಅಪ್ಪಾರ, ಈ ಜೀವಕ್ಕ ಸುಖ ಅನ್ನೂದು ಇನ್ನ ಐತೇನ್ರಿ?" ಅವರು ನನ್ನ ಮುಖಾ ನೋಡಿ, "ಸುಖ ಹೊರಗಿಂದ ಬರೂದಲ್ಲ ತಮ್ಮಾ, ಒಳಗ ಐತಿ. ಮಾತು ಕಡಿಮಿ ಮಾಡು, ಒಳಗಿಂದು ಕೇಳಸ್ತೈತಿ" ಅಂದ್ರು.

ಕಡಿಮಿ ಮಾಡು ಅಂದಿದ್ರು. ನಾ ಪೂರಾ ಬಂದ್ ಮಾಡಿದೆ. ನನ್ನ ಗುಣಾನ ಹಂಗ, ಪಲ್ಯಾಕ ಉಪ್ಪು ಸಾಲದು ಅಂದ್ರ ಮುಷ್ಟಿ ತುಂಬ ಸುರಿಯಾಂವ. ದೇವರ ಮುಂದ ಕುಂತು ಒಂದು ವರ್ಷ ಮೌನ ಅಂತ ಆಣಿ ಮಾಡಿದೆ. ವರ್ಷ ತುಂಬೂದ್ರಾಗ ಯಾರೂ ಬೇಕಾಗದಂಥಾ ಸುಖ ಸಿಗತೈತಿ, ಹೆಂಡತಿ ನೆನಪೂ ಸುಡೂದಿಲ್ಲ ಅಂತ ಗಟ್ಟಿ ನಂಬಿದ್ದೆ.

ಗೋಡಿ ಆಚಿ ಮನ್ಯಾಗ ಒಬ್ಬ ಮುದುಕಿ ಇದ್ದಳು. ಎರಡೂ ಕಣ್ಣು ಹೋಗಿ ಭಾಳ ವರ್ಷ ಆಗಿತ್ತು. ಓಣಿ ಮಂದಿ ಎಲ್ಲಾ ಆಕಿನ್ನ ಆಯಿ ಅಂತಿದ್ವಿ. ಮಗ ಸೀರಿ ಗಂಟು ಹೊತ್ಕೊಂಡು ರೋಣ, ನರಗುಂದ ಅಂತ ಸಂತಿ ತಿರಗಾಂವ, ಸೊಸಿ ಮನಿ ನೋಡಾಕಿ. ಆಯಿ ರಾಟಿ ತಿರುವಿ ನನ್ನ ಮಗ್ಗಕ್ಕ ಕಂಡಿಕಿ ಸುತ್ತಿ ಕೊಡತಿದ್ದಳು. ಲಾಳಿಯೊಳಗ ಹಾಕೂ ನೂಲಿನ ಸಣ್ಣ ಕೊಳವಿ ಅದು. ಕಣ್ಣಿದ್ದವರು ಸುತ್ತಿದ್ದು ಹರೀತಿತ್ತು, ಆಯಿ ಸುತ್ತಿದ್ದು ಎಂದೂ ಹರೀಲಿಲ್ಲ. ದಿನಾ ಮುಂಜಾನೆ ಗೋಡಿ ಆಚಿಂದ ನನ್ನ ಹೆಂಡತಿನ್ನ ಕೂಗಾಕಿ, "ಅದೀಯೇನ ತಂಗೀ?" ಈಕಿ ರೊಟ್ಟಿ ಬಡಕೋತ "ಅದೀನಿ ಆಯಿ" ಅನ್ನಾಕಿ. ಅಷ್ಟ ಅವರ ಮಾತು. ಹೆಂಡತಿ ಹೋದ ಮರುವಾರದಿಂದ ಆ ಕೂಗು ನನ್ನ ಪಾಲಿಗೆ ಬಂತು. "ಅದೀಯೇನೋ ತಮ್ಮಾ?"

ನಾ ಮೌನ ಹಿಡದ ಸುದ್ದಿ ಸೊಸಿ ಹೇಳಿದಾಗ ಆಯಿ ನಕ್ಕಳಂತ. "ಅಂವ ಮಾತಾಡತಿದ್ದದ್ದರ ಯಾವಾಗ?" ಆದ್ರ ಕೂಗೂದು ಬಿಡಲಿಲ್ಲ. ನಾ ಬಾಯಿ ಬಿಚ್ಚದ, ಲಾಳಿ ಒಗದು ನೂಲು ಬಡಿಯೂ ಹಲಗಿ ಎರಡು ಸಲ ಬಡೀತಿದ್ದೆ, ದಡ್ ದಡ್. "ಅದೀ ಬಿಡು" ಅಂತ ಆಯಿ ತನ್ನ ರಾಟಿ ಹಿಡೀತಿದ್ದಳು.

ತೊಡಕು ಇದ್ದದ್ದು ಅಮಾಸಿಗೆ. ಅಮಾಸಿ ದಿನ ನಾವು ನೇಕಾರರು ಮಗ್ಗ ಪೂಜಿ ಮಾಡಿ ಬಿಡತೀವಿ, ನೇಯೂದಿಲ್ಲ. ಅವತ್ತು ನನ್ನ ಕಡಿಂದ ಸಪ್ಪಳಾನ ಇಲ್ಲ. "ಅದೀಯೇನೋ? ಏ ತಮ್ಮಾ, ಎಲ್ಲಿ ಹಾಳಾಗಿ ಹೋದೀ?" ಅಂತ ಸಂಜಿತನಕ ಕೂಗಾಕಿ. ಗೋಡಿ ಬಡದಿದ್ರೂ ನಡೀತಿತ್ತು. ಬಡೀಲಿಲ್ಲ. ಧ್ಯಾನಕ್ಕ ಕುಂತಾವಗ ಈ ಮುದುಕಿದೇನಪಾ ಕಾಟ ಅಂತ ಸಿಟ್ಟು ಬರತಿತ್ತು.

ಸುಖ ಬಂತೇನು ಅಂದ್ರ, ಏನೋ ಒಂದು ಬಂದಂಗ ಇತ್ತು. ಅಳು ನಿಂತಿತ್ತು. ಮಂದಿ ನನ್ನ ಕಂಡು ಕೈ ಮುಗೀತಿದ್ರು, ಅದು ಒಳಗೊಳಗ ಚಲೋ ಅನಸ್ತಿತ್ತು. ಖರೇ ಹೇಳಬೇಕಂದ್ರ ಕೈಗೆ ಜೋಮು ಹಿಡದಂಗ ಆಗಿತ್ತು, ಅಷ್ಟ. ನೋವೂ ಇಲ್ಲ, ಯಾರರ ಮುಟ್ಟಿದ್ದೂ ತಿಳಿಯೂದಿಲ್ಲ. ಎಷ್ಟೋ ಮಧ್ಯಾಹ್ನ ಆ ಮನ್ಯಾಗ ನನ್ನ ಕಾಲು ನಾನ ನೋಡಕೋತ ಕುಂತಿರತಿದ್ದೆ.

ವರ್ಷ ತುಂಬಾಕ ಹನ್ನೊಂದು ದಿನ ಇದ್ದಾಗ ಅಮಾಸಿ ಬಂತು. ಆಯಿಗೆ ನಾಕು ದಿನದಿಂದ ಜ್ವರ. ಮಗ ನರಗುಂದದಿಂದ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ಸೊಸಿ ಓಡಿ ಬಂದಳು. "ಕಾಕಾ, ಅತ್ತಿ ಮುಂಜಾನಿಂದ ನಿಮ್ಮನ್ನ ಕೂಗಿ ಕೂಗಿ ಸಾಕಾಗ್ಯಾರ. ನೀವೂ ಸತ್ತು ಹೋದ್ರಿ ಅಂತ ತಿಳದಾರ್ರಿ. ಅದಾರ ಅಂದ್ರ ನಂಬವಲ್ರು, ಸುಳ್ಳ ಹೇಳತಿ ಅಂತಾರ. ಒಂದ ಸಲ ಬರ್ರಿ. ಬೇಕಾದ್ರ ಮಾತಾಡಬ್ಯಾಡ್ರಿ."

ಹೋದೆ. ಆಯಿ ಕೌದಿಯೊಳಗ ಒಂದು ಹಿಡಿಯಷ್ಟ ಆಗಿದ್ದಳು. ಕೈ ಹಿಡದೆ. ಕಸಗೊಂಡಳು. "ಯಾರಿದು? ಅಂವನ ಕೈ ನಾ ಎಂದ ಮುಟ್ಟೀನಿ, ಗುರ್ತ ಹಿಡಿಯಾಕ?" ಖರೇನ. ದಿನಾ ಸೊಸಿ ಕೈಯಿಂದ ಕಂಡಿಕಿ ಬುಟ್ಟಿ ಇಸಗೊಂಡಿದ್ದೆ, ಆಯಿ ಕೈ ಮುಟ್ಟಿದ್ದಿಲ್ಲ.

ಆಕಿ ನನ್ನ ಮನಿ ಗೋಡಿ ಕಡೆ ಮುಖಾ ಮಾಡಿ, ಇದ್ದ ಉಸರೆಲ್ಲಾ ಕೂಡಿಸಿ, "ಅದೀಯೇನೋ ತಮ್ಮಾ?" ಅಂದಳು. ನಾ ಇಲ್ಲೇ ಬಾಜೂಕ ಕುಂತೀನಿ! ಇನ್ನ ಹನ್ನೊಂದ ದಿನ ಅಂತ ಒಂದು ಗಳಿಗಿ ಮನಸಿನಾಗ ಬಂದದ್ದು ಖರೇ, ಈಗ ಅದಕ್ಕ ನಾಚಿಕಿ ಬರತೈತಿ. ವ್ರತ ಹಾಳಾಗಿ ಹೋಗ್ಲಿ ಅಂತ ಬಾಯಿ ತಗದೆ. "ಅದೀನಿ ಆಯಿ."

ಅದು ನನ್ನ ದನೀನ ಆಗಿರಲಿಲ್ಲ. ಹತ್ತಿರ ಹತ್ತಿರ ಒಂದು ವರ್ಷ ಸುಮ್ಮನಿದ್ದ ಗಂಟಲು, ತುಕ್ಕು ಹಿಡದ ಕೀಲಿಯಂಗ ಕರ್ ಅಂತು. ಆಯಿ ಹೆದರಿ ಹಿಂದ ಸರದಳು. "ಯಾರಪಾ ನೀನು? ಯಾ ಊರಾಂವ?"

ಎದ್ದು ಮನಿಗೆ ಓಡಿದೆ. ಮಗ್ಗಕ್ಕ ಮುಂಜಾನೆ ನಾನ ಕುಂಕುಮ ಹಚ್ಚಿ ಹೂವು ಏರಿಸಿದ್ದೆ. ಆ ಹೂವು ಸರಿಸಿ ಕುಣಿಯೊಳಗ ಕಾಲಿಟ್ಟೆ, ಲಾಳಿ ಒಗದು ಹಲಗಿ ಬಡದೆ. ದಡ್ ದಡ್. ಉಸರು ಹಿಡದು ಕಿವಿ ಇಟ್ಟೆ.

"ಅದೀ ಬಿಡು" ಅಂತ ಗೋಡಿ ಆಚಿಂದ ಬಂತು.

ಯಪ್ಪಾ, ಎಂಥಾ ಸುಖ ಅದು! ಅಳಕೋತ ನೇಯ್ದೆ. ಹೆಂಡತಿ ನೆನಪೂ ಬಂತು, ಬರ್ಲಿ ಬಿಡು ಅನಸ್ತು. ನಿಲ್ಲಿಸಿದ್ರ ಆಯಿ ಮತ್ತ ಕೂಗತಾಳಂತ ನಿಲ್ಲಸಲೇ ಇಲ್ಲ. ಓಣಿ ಮಂದಿ ಬಾಗಲಾಗ ನಿಂತು, "ಅಮಾಸಿ ದಿನ ಏನಿದು, ಹುಚ್ಚು ಹಿಡೀತೇನು?" ಅಂತ ಬೈದ್ರು. ಆಯಿ ಸುತ್ತಿಟ್ಟ ಕಂಡಿಕಿ ಒಂದೊಂದ ತೀರಿ ಬುಟ್ಟಿ ಬರೀದಾಗಾಕ ಬಂದಿತ್ತು. ಹೊತ್ತು ಮುಳಗೂ ಮುಂದ ಸೊಸಿ ಬಂದು ಬಾಗಲಾಗ ನಿಂತಳು. "ಕಾಕಾ, ಇನ್ನ ಸಾಕ್ರಿ."

ಮುಂದೊಂದು ವರ್ಷ ಆ ಸ್ವಾಮಿಗಳು ಮತ್ತ ಬಂದಾಗ ಎಲ್ಲಾ ಹೇಳಿದೆ. "ಕಡಿಮಿ ಮಾಡು ಅಂದಿದ್ನಲ್ಲೋ, ಬಿಡು ಅಂದಿದ್ನೇನು?" ಅಂತ ನಕ್ಕರು. ಆಮ್ಯಾಲೆ, "ಹೋಗ್ಲಿ, ಸುಖ ಸಿಕ್ಕಿತೇನು?" ಅಂತ ಕೇಳಿದ್ರು.

"ಸಿಕ್ಕಿತ್ರಿ ಅಪ್ಪಾರ, ಒಂದು ಮಧ್ಯಾಹ್ನ" ಅಂದೆ.

ಈಗ ಗೋಡಿ ಆಚಿ ಮನಿಗೆ ಕೀಲಿ ಹಾಕೇತಿ, ಮಗ ಸೊಸಿ ರೋಣಕ್ಕ ಹೋದ್ರು. ನಾನೂ ಮುದುಕ ಆದೆ. ಮುಂಜಾನೆ ಮಗ್ಗಕ್ಕ ಇಳದ ಕೂಡ್ಲೆ ಹಲಗಿ ಎರಡು ಸಲ ಬಡದು, ಒಂದು ಗಳಿಗಿ ಗೋಡಿ ಕಡೆ ಕಿವಿ ಇಡತೀನಿ. ಆಮ್ಯಾಲೆ ನೇಯಾಕ ಸುರು ಮಾಡತೀನಿ.