ಸುಮ್ಮನಿದ್ದವರ ಒಪ್ಪಿಗೆ ಮತ್ತು ನನ್ನ ವೈವಾ

ಬರ್ರಿ, ಬರ್ರಿ! ಮುಂದೆ ಚಾಪೆ ಹಾಸಿ ಕೂತ ಅಕ್ಕ-ಅಣ್ಣಗಳಿರಾ, ಹಿಂದೆ ಗೋಡೆಗೆ ಒರಗಿ ನಿಂತ ಮಹಾಜನಗಳಿರಾ, ಇಣುಕಿ ನೋಡಿ ಓಡಿಹೋಗುವ ಗೆಳೆಯರಿರಾ... ಎರಡು ನಿಮಿಷ ನಿಲ್ಲಿ!

ಇವತ್ತು ಜಮಖಂಡಿಯಲ್ಲಿ ನನ್ನ ವೈವಾ ಇತ್ತು.

ರಾಜ್ಯಶಾಸ್ತ್ರ, ತತ್ವಶಾಸ್ತ್ರ ಎರಡನ್ನೂ ಒಂದೇ ಡಿಗ್ರಿಯಲ್ಲಿ ಓದುವ ಕೋರ್ಸು ನನ್ನದು. ಕೊನೆಯ ವರ್ಷ ಒಂದು ಪ್ರಾಜೆಕ್ಟ್ ಬರೆಯಬೇಕು. ಎರಡೂ ವಿಭಾಗದವರು ಎದುರು ಕೂತು ಪ್ರಶ್ನೆ ಕೇಳುತ್ತಾರೆ. ಅವರಲ್ಲಿ ಒಬ್ಬರು ಒಲ್ಲೆ ಅಂದರೂ ಡಿಗ್ರಿ ಇಲ್ಲ.

ನಮ್ಮ ಕಾಕಾನ ತೀರ್ಪು ಮೊದಲೇ ಬಂದಿತ್ತು. "ಪಾಸಾದ್ರ ಎಂ.ಎ. ಮಾಡಲೇ ಮಗನ, ನಾ ಬ್ಯಾಡನ್ನೂದಿಲ್ಲ. ಫೇಲಾದ್ಯೋ, ಸೋಮವಾರದಿಂದ ನಮ್ಮ ಅಂಗಡ್ಯಾಗ ಸೀರಿ ಬಿಚ್ಚಿ ತೋರ್ಸು. ನೀ ರಬಕವ್ಯಾಗ ಒದರಿದ್ರ ಮುಧೋಳದ ಗಿರಾಕಿ ಓಡಿ ಬರ್ತಾವ!"

ನನ್ನ ಈ ದೊಡ್ಡ ದನಿ ಅಪ್ಪನಿಂದ ಬಂದದ್ದು. ಅಪ್ಪ ನಾಟಕದಲ್ಲಿ ರಾಜನ ಪಾರ್ಟು ಮಾಡುತ್ತಿದ್ದ, ನಾನು ಹಾರ್ಮೋನಿಯಂ ಪಕ್ಕದಲ್ಲೇ ಬೆಳೆದವನು. ನಮ್ಮ ಸ್ಟೇಜಿನ ಮೇಲೆ ಮಹಾಪಾಪ ಒಂದೇ, ಸುಮ್ಮನಾಗುವುದು! ಮಾತು ನಿಂತಿತೋ, ಜನ ಸೀಟಿ ಹೊಡೆದು ಇಳಿಸುತ್ತಾರೆ.

ಅಂಥ ನಾನು ಪ್ರಾಜೆಕ್ಟಿಗೆ ಆರಿಸಿಕೊಂಡ ಪ್ರಶ್ನೆ ಏನು ಗೊತ್ತೇ? ಸುಮ್ಮನಿದ್ದರೆ ಒಪ್ಪಿದ ಹಾಗೆಯೇ?

ನಮ್ಮೂರು ರಬಕವಿಯ ನೇಕಾರರ ಓಣಿಯ ಸಭೆಯಲ್ಲಿ ಹುಟ್ಟಿದ ಪ್ರಶ್ನೆ ಅದು. ಇನ್ನು ಮೇಲೆ ರಾತ್ರಿಯೂ ಕರೆಂಟ್ ಮಗ್ಗ ಓಡಿಸುವುದೆಂದು ಮಾತು ಬಂತು. "ಯಾರರೆ ಬ್ಯಾಡಂತೀರೇನ್ರೀ?" ಎಂದು ಅಧ್ಯಕ್ಷರು ಕೇಳಿದರು. ಯಾರೂ ಉಸಿರೆತ್ತಲಿಲ್ಲ. "ಆತು, ಎಲ್ಲಾರ್ದೂ ಒಪ್ಪಿಗಿ ಐತಿ!"

ಆಮೇಲೆ ನಾನು ಮನೆಮನೆಗೆ ಹೋಗಿ ಕೇಳಿದೆ. ಒಬ್ಬ ದೊಡ್ಡವ್ವ ಹೇಳಿದಳು: "ಗದ್ಲಕ್ಕ ನಿದ್ದಿ ಹತ್ತೂದಿಲ್ಲಪಾ. ಆದ್ರ ನಾವಿರೂ ಮನಿ ಅವರದ. ಬ್ಯಾಡ ಅಂದ್ರ, ನಾಳೆ ಮನಿ ಖಾಲಿ ಮಾಡು ಅಂತಾರ."

ಯಾವ ದೊಡ್ಡವ್ವ ಎಂದು ಕೇಳಬೇಡಿ. ಓಣಿಯ ಅರ್ಧ ಮನೆಗಳು ಅಧ್ಯಕ್ಷರವೇ.

ಸರಿ... ವೈವಾ ಶುರುವಾಯಿತು. ಎದುರಿಗೆ ರಾಜ್ಯಶಾಸ್ತ್ರದ ಮೇಡಂ, ತತ್ವಶಾಸ್ತ್ರದ ಸರ್. ಮೊದಲ ಅಧ್ಯಾಯವನ್ನು ಸಿಂಹಾಸನದ ಮೇಲೆ ನಿಂತವನಂತೆ ಗುಡುಗಿದೆ, ಕಿಟಕಿಯ ಗಾಜು ನಡುಗಿತು!

ಮುಗಿಸಿದೆ. ಮೇಡಂ ಪೆನ್ನು ಕೆಳಗಿಟ್ಟರು. ಸರ್ ಕನ್ನಡಕ ಒರೆಸಿಕೊಂಡರು. ಇಬ್ಬರೂ ಮೌನ.

ನನ್ನ ಕಣ್ಣು ತಾನಾಗಿಯೇ ಎಡಕ್ಕೆ, ಪರದೆಯ ಮರೆಯಿಂದ ಮಾತು ನೆನಪಿಸುವ ಪ್ರಾಂಪ್ಟರ್ ಕೂರುವ ಕಡೆ ಹೊರಳುತ್ತದೆ. ಅಲ್ಲಿ ನಿಂತಿರುವುದು ಕಬ್ಬಿಣದ ಕಪಾಟು!

ಒಪ್ಪಿದರು ಎಂದುಕೊಂಡು ಎರಡನೆಯ ಅಧ್ಯಾಯಕ್ಕೆ ನುಗ್ಗಿದೆ. ಮತ್ತೆ ಮೌನ. ಮೂರನೆಯದಕ್ಕೂ ನುಗ್ಗಿದೆ.

ಮೇಡಂ ಕೈ ಎತ್ತಿದರು. "ತಡೀರಿ. ನಾವೇನರೆ ಹೌದು ಅಂದಿವೇನು?"

"ಇಲ್ರಿ ಮೇಡಂ... ನೀವು ಸುಮ್ನಿದ್ರಿ, ಅದಕ್ಕ..."

ಅಂದವನೇ ನಾಲಿಗೆ ಕಚ್ಚಿಕೊಂಡೆ.

ಸರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಭಲೆ! ಪ್ರಾಜೆಕ್ಟ್ ತುಂಬ ಅಧ್ಯಕ್ಷರಿಗೆ ಬೈದೀರಿ. ಈಗ ನೀವ ಅಧ್ಯಕ್ಷರಾದ್ರಲ್ರೀ!"

ಮುಗಿಯಿತು. ಸೀರೆ ಅಂಗಡಿಯ ಗಾದಿ ಕಣ್ಣ ಮುಂದೆ ಬಂತು.

ಹುಟ್ಟಿದಾಗಿನಿಂದ ಮೊದಲ ಸಲ ನಾನು ಸುಮ್ಮನೆ ಕೂತೆ. ಯೋಚಿಸಿದೆ. ಆಮೇಲೆ, ಸಣ್ಣ ದನಿಯಲ್ಲಿ:

"ಹೌದ್ರಿ ಸರ್, ನಾನೂ ಅದನ್ನ ಮಾಡಿದೆ. ಆದ್ರ ಮೇಡಂ ಕೈ ಎತ್ತಿ ನಿಲ್ಲಿಸಿದ್ರು, ಅವರಿಗೇನೂ ಆಗ್ಲಿಲ್ಲ. ಆ ದೊಡ್ಡವ್ವ ಕೈ ಎತ್ತಿದ್ರ ಮನಿ ಹೋಗ್ತಿತ್ತು. ಎರಡೂ ಮೌನ ಒಂದ ಅಲ್ರಿ. ಬ್ಯಾಡ ಅನ್ನಾಕ ಅಂಜಿಕಿ ಇರೂ ಜಾಗಾದಾಗ, ಸುಮ್ನಿದ್ದವರದು ಒಪ್ಪಿಗಿ ಅಂತ ಹೆಂಗ ಬರ್ಕೊಳ್ಳೂದ್ರಿ?"

ಸರ್ ಮೇಡಂ ಕಡೆ ತಿರುಗಿದರು. "ಈ ಉತ್ತರ ನಿಮ್ಮ ಸಬ್ಜೆಕ್ಟೋ, ನಮ್ಮದೋ?"

"ಅರ್ಧ ನೀವೂ ತಗೋರಿ ಸರ್."

ಮತ್ತೆ ಮೌನ! ಮಾತು ನಾಲಿಗೆಯ ತುದಿಗೆ ಬಂದಿದೆ, ಕುರ್ಚಿಯ ಕೈ ಹಿಡಿದು ನುಂಗುತ್ತಿದ್ದೇನೆ...

ಕೊನೆಗೆ ಮೇಡಂ ನಕ್ಕರು. "ಪಾಸ್ ಆಗೀರಿ. ಬಾಯಿಬಿಟ್ಟ ಹೇಳಾಕತ್ತೇನಿ, ಸುಮ್ನಿದ್ರ ನೀವು ಒಪ್ಪೂದಿಲ್ಲ!"

ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತೆ. ಎಷ್ಟೋ ತಿಂಗಳ ಉಸಿರು ಒಮ್ಮೆಲೇ ಹೊರಬಿತ್ತು. ಎದೆ ಇಷ್ಟು ಹಗುರ ಇರುತ್ತದೆಂದು ಮರೆತೇಹೋಗಿತ್ತು ನೋಡಿ.

ಕಾಕಾಗೆ ಫೋನ್ ಮಾಡಿದೆ. "ಪಾಸಾದ್ಯಾ? ಹೋತು ಬಿಡು, ಛಲೋ ಆಳು ಕೈ ತಪ್ಪಿದ!" ಅಂದವನು, ಅಂಗಡಿಯಲ್ಲಿದ್ದವರಿಗೆಲ್ಲ ಪೇಡೆ ತರಿಸಿದನಂತೆ.

ಡಿಗ್ರಿ ಸಿಕ್ಕಿತು. ಆದರೆ ಊರಿಗೆ ಮರಳಿದರೆ, ಈ ರಾತ್ರಿಯೂ ನಮ್ಮ ಓಣಿಯ ಮಗ್ಗ ಓಡುತ್ತಿದೆ, ನನಗೆ ಕೇಳಿಸುತ್ತಿದೆ.

ನಮ್ಮದು ಸ್ವಂತ ಮನೆ. ನಾಳೆ ಬೆಳಿಗ್ಗೆ ಚಹಾ ಕುಡಿದವನೇ ಅಧ್ಯಕ್ಷರ ಬಾಗಿಲು ತಟ್ಟಿ, "ಈ ಸಲ ಹೆಸರಿಲ್ಲದ ಚೀಟಿ ಹಾಕಿಸಿ ಕೇಳೂಣ್ರಿ" ಎಂದು ಹೇಳುತ್ತೇನೆ.